ಕೋವಿಗೊಂದು ಗಂಡಭೇರುಂಡ

ಅಂಕಲ್ ಧ್ವನಿ ಹಿಡಿಯುವುದಕ್ಕೆ ನನಗೆ ಒಂದು ಊಟದಷ್ಟು ಹೊತ್ತು ಸಾಕಾಯಿತು. ಮೂಗಿನಲ್ಲಿ ಹುಟ್ಟಿ, ಗಂಟಲಿನಲ್ಲಿ ಸ್ವಲ್ಪ ವಿಶ್ರಾಂತಿ ತೆಗೆದುಕೊಂಡು, ಆಮೇಲೆ ಹೊರಗೆ ಬರುವ ಮೈಸೂರು ಧ್ವನಿ ಅದು. 'ಏನಪ್ಪಾ ಅಂದ್ರೇ...' ಎಂದು ಅವರು ಎಳೆದರೆ, ಆ 'ರೇ' ಮುಗಿಯುವಷ್ಟರಲ್ಲಿ ಆಂಟಿ ಒಂದು ದೋಸೆ ತಿರುವಿ ಹಾಕಬಹುದು. ಕೋವಿಡ್ ಮುಗಿದು ಮಾಸ್ಕುಗಳು ಮುಖದಿಂದ ಜೇಬಿಗೆ ಇಳಿದಿದ್ದ ಕಾಲ. ಸ್ಯಾನ್ ಡಿಯೇಗೋದ ಕನ್ನಡದವರು ಕರ್ನಿ ಮೆಸಾ ಬಡಾವಣೆಯ ಒಂದು ಹೋಟೆಲಿನ ಹಾಲ್‌ನಲ್ಲಿ ಯುಗಾದಿ ಊಟ ಇಟ್ಟುಕೊಂಡಿದ್ದರು. ನಾನು ಲಾಸ್ ಏಂಜಲೀಸಿನ ನಾರ್ತ್‌ರಿಜ್‌ನಿಂದ ಪುಕ್ಕಟೆ ಒಬ್ಬಟ್ಟಿನ ಆಸೆಗೆ ಹೋಗಿದ್ದೆ. ಯಾರೋ ಮೈಕು ಕೈಗಿಟ್ಟರು. ಎದುರಿನ ಸಾಲಿನಲ್ಲಿ ಕೂತು ಎರಡನೇ ಸಲ ಕೋಸಂಬರಿ ಕೇಳುತ್ತಿದ್ದ ಅಂಕಲ್ ಅವರನ್ನೇ ಮಿಮಿಕ್ರಿಗೆ ಎತ್ತಿಕೊಂಡೆ. ಇಡೀ ಹಾಲ್ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

"ಈ ಹುಡುಗನ್ನ ಮನೆಗೆ ಕರ್ಕೊಂಡ್ಹೋಗೋಣ ಕಣೇ," ಎಂದು ಆಂಟಿಗೆ ಹೇಳಿದರು. "ನಂಗೆ ಹುಷಾರಿಲ್ದಾಗ ನನ್ನ ಬದಲು ನಿನ್ ಜೊತೆ ಜಗಳ ಆಡ್ತಾನೆ."

"ನಿಮ್ಮಷ್ಟು ಚೆನ್ನಾಗಿ ಆಡೋಕೆ ಬರಲ್ಲ ಬಿಡಿ," ಎಂದರು ಆಂಟಿ. "ಪಾಪ, ಊಟ ಮಾಡೋ ಮಗು."

ನಾನು ನಾರ್ತ್‌ರಿಜ್‌ನಲ್ಲಿ ಅನಿಮೇಶನ್ ಓದುತ್ತಿದ್ದೆ. ಕಾರ್ಟೂನು ಬರೆಯುವುದಕ್ಕೂ ಒಂದು ಸ್ನಾತಕೋತ್ತರ ಪದವಿ ಇದೆ ಎಂದು ಕೇಳಿ ನನ್ನ ಸೋದರಮಾವ, 'ಹಂಗಾದ್ರೆ ನಗೋದಕ್ಕೆ ಪಿಎಚ್‌ಡಿ ಇರಬೇಕಲ್ಲೋ' ಎಂದಿದ್ದ. ನಾಲ್ವರು ಹುಡುಗರು, ಎರಡು ರೂಮು, ಒಂದು ಬಾಣಲೆ. ಆ ಬಾಣಲೆಯಲ್ಲಿ ನಾವು ಬೇಯಿಸುತ್ತಿದ್ದುದಕ್ಕೆ ಯಾವ ಭಾಷೆಯಲ್ಲೂ ಹೆಸರಿರಲಿಲ್ಲ. ಹಾಗಾಗಿ ಶನಿವಾರ ಬಂತೆಂದರೆ ನನ್ನ ಹಳೆಯ ಕಾರು ತಾನಾಗಿಯೇ ದಕ್ಷಿಣಕ್ಕೆ ತಿರುಗುತ್ತಿತ್ತು. ಆಂಟಿ ಸಾರು ಬಡಿಸುತ್ತಿದ್ದರು. ನಾನು ಅವರಿಬ್ಬರ ಜಗಳಕ್ಕೆ ಇಬ್ಬರ ಧ್ವನಿಯಲ್ಲೂ ಮಾತು ಕೂಡಿಸುತ್ತಿದ್ದೆ. ಅವರ ಮಗ ಅದೇ ಊರಿನಲ್ಲೇ ಬೇರೆ ಮನೆ ಮಾಡಿದ್ದ. ಇಲ್ಲೇ ಹುಟ್ಟಿದವನು. ಅಮೆರಿಕದ ಸೈನ್ಯಕ್ಕೆ ಏನೋ ತಯಾರಿಸಿಕೊಡುವ ಕಂಪನಿಯಲ್ಲಿ ಎಂಜಿನಿಯರ್; ಏನು ಎಂದು ಕೇಳಿದರೆ ಹೇಳುವ ಹಾಗಿಲ್ಲ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸಿ, 'ಹೇ ಮ್ಯಾನ್' ಎಂದು ನನ್ನ ಬೆನ್ನು ತಟ್ಟಿ, ಪಲ್ಯದ ಡಬ್ಬ ಹಿಡಿದು ಹೊರಟುಬಿಡುತ್ತಿದ್ದ. ಊರಿನ ನೆಂಟರು ವಿಡಿಯೋ ಕಾಲ್ ಮಾಡಿದಾಗ ಆಂಟಿ ಫೋನನ್ನು ನನ್ನ ಕಡೆ ತಿರುಗಿಸಿ, "ಇವನು ನಮ್ಮ ಎರಡನೇ ಮಗ," ಎನ್ನುತ್ತಿದ್ದರು. ನಾನು ಬಾಯಿತುಂಬ ಅನ್ನ ಇಟ್ಟುಕೊಂಡು ಕೈ ಬೀಸುತ್ತಿದ್ದೆ. ಬೇರೆಯವರ ಧ್ವನಿಯನ್ನು ಕದ್ದು ಬದುಕುವವನು ಯಾರ ಮಾತನ್ನೂ ಅಷ್ಟು ಸುಲಭಕ್ಕೆ ನಂಬಬಾರದು. ನಾನು ನಂಬಿದ್ದೆ.

ಅಂಕಲ್ ಟೆಲಿಕಾಂ ಕಂಪನಿಯಿಂದ ನಿವೃತ್ತರಾದವರು. ಅವರ ಹುಚ್ಚು ಹಳೆಯ ಬಂದೂಕುಗಳದ್ದು. ಸೊಳ್ಳೆ ಬ್ಯಾಟ್ ಬಿಟ್ಟರೆ ಬೇರೆ ಯಾವ ಆಯುಧವನ್ನೂ ಅವರು ಬಳಸಿದ್ದನ್ನು ನಾನು ನೋಡಿಲ್ಲ. ಬೆಳ್ಳುಳ್ಳಿ ಸಹ ತಿನ್ನದ ಮನುಷ್ಯ. ಆದರೆ ಗ್ಯಾರೇಜಿನಲ್ಲಿ ದೇವರಮನೆಗಿಂತ ದೊಡ್ಡ ಕಬ್ಬಿಣದ ಪೆಟ್ಟಿಗೆಯಿತ್ತು. ಅದರೊಳಗೆ ಅವರ ಕಣ್ಮಣಿಯೊಂದಿತ್ತು: ಇಂಗ್ಲೆಂಡಿನಲ್ಲಿ ಯಾವುದೋ ಕಾಲದಲ್ಲಿ ಕೈಯಲ್ಲೇ ತಯಾರಿಸಿದ ಜೋಡುನಳಿಗೆಯ ಕೋವಿ. ಇಂಥದ್ದೇ ಮೈಸೂರು ಅರಮನೆಯಲ್ಲಿತ್ತು, ತಮ್ಮ ತಾತ ಅರಮನೆಯಲ್ಲಿದ್ದರು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. "ಕುದುರೆಗೆ ಹುರುಳಿ ಅಳೆಯೋ ಕೆಲಸ," ಎಂದು ಆಂಟಿ ಅಡಿಗೆಮನೆಯಿಂದಲೇ ಪೂರ್ತಿ ಮಾಡುತ್ತಿದ್ದರು.

ಅದನ್ನು ತೋರಿಸುವಾಗ ಅಂಕಲ್ ಮುಖ್ಯವಾಗಿ ತೋರಿಸುತ್ತಿದ್ದುದು ನಳಿಗೆಯನ್ನಲ್ಲ, ಅಕ್ರೋಟ ಮರದ ಹಿಡಿಯನ್ನೂ ಅಲ್ಲ. ಅವೆರಡನ್ನೂ ಕೂಡಿಸುವ ಉಕ್ಕಿನ ನಡುಭಾಗವನ್ನು, ಅದರಲ್ಲೂ ಅದರ ತಿರುಪುಗಳನ್ನು.

"ನೋಡೋ ಇಲ್ಲಿ. ತಿರುಪಿನ ತಲೇಲಿ ಸೀಳಿದೆಯಲ್ಲ? ಕೂದಲೆಳೆಯಷ್ಟು. ಎಲ್ಲಾ ಒಂದೇ ದಿಕ್ಕಿಗೆ ನಿಂತಿದೆ. ಏನಪ್ಪಾ ಅಂದ್ರೇ... ಇದನ್ನ ಬಿಚ್ಚೋಕೆ ಅಳತೆಗೆ ಸರಿಯಾಗಿ ಉಜ್ಜಿದ ತಿರುಪುಳಿಯೇ ಬೇಕು. ಅಂಗಡಿ ಸ್ಕ್ರೂಡ್ರೈವರ್ ಹಾಕಿದ್ಯೋ, ಸೀಳು ಹಲ್ಲು ಕಿರಿಯುತ್ತೆ. ಆಮೇಲೆ ಈ ಕೋವಿ ಹತ್ರ ಹಳೇ ಬಂದೂಕು ಸಂಗ್ರಹಿಸೋರು ಒಬ್ರೂ ಬರಲ್ಲ."

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮಡಿಯಲ್ಲಿರುವ ಅಜ್ಜಿಯ ಹತ್ತಿರ ನಿಂತ ಹಾಗೆ ಅಂತರ ಕಾಯ್ದುಕೊಂಡು ನೋಡುತ್ತಿದ್ದೆ. ತಮಾಷೆಗಲ್ಲ. ಕಾಲೇಜಿಗೆ ಬಂದ ಮೊದಲ ವಾರವೇ ವಿದೇಶಿ ವಿದ್ಯಾರ್ಥಿಗಳನ್ನೆಲ್ಲ ಕೂರಿಸಿ ಒಬ್ಬ ಹೆಂಗಸು ಹೇಳಿದ್ದರು: ನೀವು ವೀಸಾದ ಮೇಲೆ ಬಂದವರು, ಬಂದೂಕು ನಿಮ್ಮ ಬಳಿ ಇರಬಾರದು, ಗೆಳೆಯನದ್ದು ಎಂದು ಹಿಡಿದುಕೊಂಡಿದ್ದರೂ ಅಪರಾಧ, ಓದೂ ಹೋಗುತ್ತದೆ, ಮುಂದೆ ಈ ದೇಶದ ಬಾಗಿಲೂ ಮುಚ್ಚುತ್ತದೆ. ನಾನು ಅದನ್ನು ಅವರದೇ ಧ್ವನಿಯಲ್ಲಿ ಅಂಕಲ್‌ಗೆ ಒಪ್ಪಿಸಿದ್ದೆ.

"ಗೊತ್ತು ಗೊತ್ತು. ಮುಟ್ಬೇಡ," ಎಂದು ಅವರು ನಕ್ಕಿದ್ದರು. "ದೂರದಿಂದಲೇ ದರ್ಶನ ಮಾಡ್ಕೊ."

ಆ ಉಕ್ಕಿನ ಭಾಗ ನುಣ್ಣಗೆ, ಬೋಳಾಗಿತ್ತು. ಅದರ ಎರಡು ಪಕ್ಕಕ್ಕೂ ಗಂಡಭೇರುಂಡ ಕೆತ್ತಿಸಬೇಕು, ಹಿಡಿಯ ಮರಕ್ಕೆ ಹೊಸದಾಗಿ ಚೌಕುಳಿ ಗೆರೆ ಕೊರೆಸಿ ಎಣ್ಣೆ ಕುಡಿಸಬೇಕು ಎಂಬುದು ಅವರ ಬಹುದಿನದ ಆಸೆ. ಅದಕ್ಕೆ ಹೆಸರಾದ ಗನ್‌ಸ್ಮಿತ್ ಒಬ್ಬ ಚಾಟ್ಸ್‌ವರ್ತ್‌ನಲ್ಲಿದ್ದ, ನನ್ನ ರೂಮಿನಿಂದ ಹತ್ತು ನಿಮಿಷದ ದಾರಿ. ನನಗೆ ಚಿತ್ರ ಬರೆಯಲು ಬರುತ್ತಿತ್ತು. ದೇವರು ಕೂಡಿಸಿದ ಹಾಗಿತ್ತು. ಗಂಡಭೇರುಂಡ ಬರೆದುಕೊಡುವುದು, ಗನ್‌ಸ್ಮಿತ್‌ಗೆ ತೋರಿಸುವುದು, ಅವನು ಹೇಳಿದಂತೆ ತಿದ್ದುವುದು ನನ್ನ ಕೆಲಸವಾಯಿತು. ಕಾಗದಕ್ಕೆ ವೀಸಾ ಅಡ್ಡಿಯಿಲ್ಲವಲ್ಲ.

ಅವನ ಅಂಗಡಿ ಕಾರ್ ಪೇಂಟ್ ಮಾಡುವ ಶೆಡ್ಡಿನ ಪಕ್ಕದಲ್ಲಿತ್ತು. ಆಸಾಮಿ ಜಂಬದ ಕೋಳಿ. ಬಿಳಿಗಡ್ಡ, ಹಣೆಯ ಮೇಲೆ ಎರಡು ಕನ್ನಡಕ, ಗೋಡೆ ತುಂಬ ತನ್ನದೇ ಫೋಟೋ. ಅವನು ಮಾತಾಡುತ್ತಿದ್ದುದು ಇಂಗ್ಲಿಷೇ, ಆದರೆ ಅಂಕಲ್ ಮನೆಯಲ್ಲಿ ಅವನನ್ನು ನಟಿಸಿ ತೋರಿಸುವಾಗ ಬೆಂಗಳೂರು ಕನ್ನಡ ಅವನಿಗೆ ಕೂರಲೇ ಇಲ್ಲ. ಹುಬ್ಬಳ್ಳಿ ಕನ್ನಡ ಹಾಕಿದೆ, ಅಂಗಿ ಹೊಲಿಸಿದ ಹಾಗೆ ಕೂತಿತು. ಅವತ್ತಿನಿಂದ ಅವನು ನನ್ನ ತಲೆಯೊಳಗೆ ಹುಬ್ಬಳ್ಳಿಯವನೇ. ಇಲ್ಲೂ ಹಾಗೆಯೇ ಬರೆಯುತ್ತೇನೆ.

"ಇದೇನಪಾ, ಎರಡು ತಲಿ ಕೋಳಿ?" ಎಂದ ನನ್ನ ಮೊದಲ ಚಿತ್ರ ನೋಡಿ.

"ಕೋಳಿಯಲ್ಲ. ರಾಜಲಾಂಛನ."

"ಉಗುರಾಗ ಇಲಿ ಯಾಕ ಹಿಡಕೊಂಡದ?"

"ಇಲಿಯಲ್ಲ, ಆನೆ."

ಅವನು ಕನ್ನಡಕ ಬದಲಿಸಿ ನೋಡಿದ. "ಆನಿ ಇಷ್ಟಿದ್ರ ಈ ಹಕ್ಕಿ ಹಿಕ್ಕಿ ಹಾಕಿದ್ರ ಊರು ಮುಚ್ಚತದ. ಇರಲಿ. ಗರಿ ಕಡಿಮಿ ಮಾಡು. ಉಕ್ಕಿನ್ಯಾಗ ನೂರು ಗರಿ ತಗಿಯಾಕ ಬರೂದಿಲ್ಲ, ನಾಕು ಗರಿ ನೂರರ ಹಂಗ ಕಾಣಬೇಕು. ಅದಕ್ಕ ಕೆತ್ತನಿ ಅಂತಾರ."

ಆ ಮಾತು ನನ್ನ ಮೇಷ್ಟರುಗಳು ಕಲಿಸಿದ್ದಕ್ಕಿಂತ ಬೇರೆಯದೇನೂ ಆಗಿರಲಿಲ್ಲ, ಆದರೆ ಅವನು ತಾನೇ ಕಂಡುಹಿಡಿದ ಹಾಗೆ ಹೇಳಿದ. ಉಕ್ಕಿನ ತುಂಡೊಂದಕ್ಕೆ ಬಿಳಿ ಬಣ್ಣ ಬಳಿದು, ನನ್ನ ಹಕ್ಕಿಯನ್ನು ಸೂಜಿಯಲ್ಲಿ ಗೀಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಕಡ್ಡಿಯಂಥ ಉಳಿಯಿಂದ ಒಂದು ಕೊಕ್ಕು ಕೆತ್ತಿ ತೋರಿಸಿದ. ಉಕ್ಕು ತೆಂಗಿನತುರಿಯ ಹಾಗೆ ಸುರುಳಿಯಾಗಿ ಎದ್ದುಬಂತು. ನಾನು ಬರೆದ ಗೆರೆಯೊಂದು ಉಕ್ಕಿನಲ್ಲಿ ಉಳಿಯುತ್ತದೆ ಎನ್ನುವುದು ನನಗೆ ಆಗ ಹೊಳೆಯಿತು. ಕಾರ್ಟೂನಿನವನ ಗೆರೆಗೆ ಅಂಥ ಆಯುಷ್ಯ ಇರುವುದಿಲ್ಲ. ಮನೆಗೆ ಬಂದು ರೂಮಿನ ಹುಡುಗರಿಗೆ ಹೇಳಿದೆ. ಒಬ್ಬ, 'ನಿನ್ ಹಕ್ಕಿನ ಯಾರಾದ್ರೂ ಗುರಿಯಿಟ್ಟು ಹೊಡೀತಾರೆ ಬಿಡು' ಎಂದ.

ಚಳಿಗಾಲವೆಲ್ಲ ಆ ಹಕ್ಕಿಯನ್ನು ತಿದ್ದಿದೆ. ಅಂಕಲ್‌ಗೆ ಬಾಲ ಇನ್ನೂ ಅಗಲ ಬೇಕಿತ್ತು, ಗನ್‌ಸ್ಮಿತ್‌ಗೆ ಸಣ್ಣದು ಬೇಕಿತ್ತು. ಇಬ್ಬರ ನಡುವೆ ನಾನು, ಎರಡೂ ಕಡೆ ತಲೆ ತಿರುಗಿಸುತ್ತ.

ಅಷ್ಟರಲ್ಲಿ ನನ್ನ ಓದು ಮುಗಿಯಿತು. ಬರ್ಬ್ಯಾಂಕಿನ ಸಣ್ಣ ಸ್ಟುಡಿಯೋ ಒಂದು, ಕೆಲಸದ ಪರವಾನಗಿ ಕಾರ್ಡ್ ಬಂದ ದಿನವೇ ಸೇರಿಕೊ ಎಂದಿತ್ತು. ಕಾರ್ಡಿಗೆ ಅಪ್ಲೈ ಮಾಡಿ ಕಾಯುತ್ತಿದ್ದೆ. ಕಾಯುವ ಆ ಕಾಲದಲ್ಲಿ ವಿದ್ಯಾರ್ಥಿಗಳು ಕೆಂಪು ದೀಪ ಇರಲಿ, ಹಳದಿ ದೀಪವನ್ನೂ ದಾಟುವುದಿಲ್ಲ. ನಾನು ಗ್ರಂಥಾಲಯದಲ್ಲಿ ಕೆಮ್ಮುವುದನ್ನೂ ಬಿಟ್ಟಿದ್ದೆ.

ಆಗಲೇ ಅಂಕಲ್ ಕಣ್ಣಿನ ಪರದೆ ಹರಿಯಿತು. ಆಪರೇಷನ್ ಆಯಿತು. ಕಣ್ಣೊಳಗೆ ಗಾಳಿ ತುಂಬಿ, ಎರಡು ವಾರ ಮುಖ ಕೆಳಗೆ ಮಾಡಿಕೊಂಡೇ ಇರಬೇಕು ಎಂದು ಡಾಕ್ಟರು ಹೇಳಿದ್ದರು. ಕೂತರೂ ಮಲಗಿದರೂ ಮುಖ ನೆಲಕ್ಕೆ. ನಾನು ನೋಡಲು ಹೋದಾಗ ಮಸಾಜಿನವರ ಕುರ್ಚಿಯಂಥದ್ದರಲ್ಲಿ ಮುಖ ಹುದುಗಿಸಿ, ನೆಲಹಾಸಿನ ಜೊತೆ ಮಾತಾಡುತ್ತ ಕೂತಿದ್ದರು.

"ಬಂದ್ಯಾ? ಕಾಲು ನೋಡೇ ಗೊತ್ತಾಯ್ತು," ಎಂದರು. "ಏನಪ್ಪಾ ಅಂದ್ರೇ... ಆ ಚಾಟ್ಸ್‌ವರ್ತ್ ಮಹಾಶಯ ಫೋನ್ ಮಾಡಿದ್ದ. ಈ ವಾರ ಕೆಲಸ ಅವನ ಟೇಬಲ್ ಮೇಲೆ ಇರ್ಬೇಕಂತೆ. ಇಲ್ಲಾಂದ್ರೆ ಮುಂದಿನ ವರ್ಷ. ಬೇರೆಯವರ ಕೋವಿ ಕ್ಯೂನಲ್ಲಿದೆ."

"ಕೊರಿಯರ್‌ನಲ್ಲಿ ಕಳಿಸಿ ಅಂಕಲ್."

"ಕೊರಿಯರ್‌ನವನು ಎಸೀತಾನೆ ಕಣೋ. ನಾನೇ ಹೋಗೋಣ ಅಂದ್ರೆ ನೋಡು ನನ್ನ ಅವತಾರ. ಇವಳು ಫ್ರೀವೇ ಹತ್ತಲ್ಲ. ನೀನು ಹೇಗೂ ವಾಪಸ್ ಹೋಗ್ತೀಯಲ್ಲ, ಮರದ ಭಾಗ ಮಾತ್ರ ತಗೊಂಡು ಹೋಗು. ಅದೇ, ಆ ಹಿಡಿ. ಅವನು ಮೊದಲು ಮರದ ಕೆಲಸ ಶುರು ಮಾಡ್ಕೊಳ್ಳಲಿ. ಉಕ್ಕಿನ ಭಾಗ ನನ್ನ ಕಣ್ಣು ಸರಿಹೋದ್ಮೇಲೆ ನಾನೇ ತಂದುಕೊಡ್ತೀನಿ."

ನಾನು ಕುರ್ಚಿಯ ಪಕ್ಕ ಬಗ್ಗಿ ನಿಂತೆ. ಅವರ ಮುಖ ಕಾಣಲಿಲ್ಲ. "ಬರೀ ಮರ ತಾನೆ ಅಂಕಲ್? ನಂಗೆ ಕಾರ್ಡ್ ಬರೋ ಟೈಮು."

"ಬರೀ ಮರ. ಊಟದ ಟೇಬಲ್ ಕಾಲು ತಗೊಂಡು ಹೋದ ಹಾಗೆ."

ಬಿಳಿ ಪಂಚೆಯಲ್ಲಿ ಸುತ್ತಿ, ಮೇಲೆ ಟೇಪು ಬಿಗಿದ ಗಂಟನ್ನು ಆಂಟಿ ತಂದರು. ಎತ್ತಿ ನೋಡಿದೆ. "ಇಷ್ಟು ಭಾರ?"

"ಅಕ್ರೋಟದ ಮರ ಕಣಯ್ಯ," ಎಂದಿತು ನೆಲದ ಕಡೆಯಿಂದ ಧ್ವನಿ. "ನಿಮ್ಮ ರೂಮಿನ ಮರದಪುಡಿ ಒತ್ತಿದ ಹಲಗೆ ಮಂಚ ಅಲ್ಲ."

ಆಂಟಿ ಚಟ್ನಿಪುಡಿ, ಹುಣಸೆಗೊಜ್ಜು ಡಬ್ಬಗಳನ್ನು ಬೇರೆ ಚೀಲದಲ್ಲಿ ಕೊಟ್ಟರು. "ನಿಧಾನಕ್ಕೆ ಹೋಗಪ್ಪ," ಎಂದರು. ಕಾರಿನ ತನಕ ಬಂದು ಮತ್ತೆ, "ನಿಧಾನಕ್ಕೆ ಹೋಗು, ಆಯ್ತಾ?" ಎಂದರು. ಒಳಗಿನಿಂದ ಅಂಕಲ್ ಕೂಗಿದರು: "ಪಾಸ್‌ಪೋರ್ಟ್ ಇಟ್ಕೊಂಡಿದ್ದೀಯಾ? ದಾರೀಲಿ ಚೆಕ್‌ಪೋಸ್ಟ್ ಇರುತ್ತೆ." ಎಷ್ಟು ಕಾಳಜಿ ನೋಡಿ ಎಂದುಕೊಂಡೆ.

ಕದ್ದು ಗಡಿ ದಾಟಿದವರನ್ನು ಹಿಡಿಯಲೆಂದು ಸ್ಯಾನ್ ಕ್ಲೆಮೆಂಟೆ ಸಮೀಪ ಇಟ್ಟಿರುವ ಆ ಚೆಕ್‌ಪೋಸ್ಟಿನಲ್ಲಿ ಸಾಮಾನ್ಯವಾಗಿ ಯಾರೂ ಇರುತ್ತಿರಲಿಲ್ಲ. ಅವತ್ತು ಇದ್ದರು. ಗಡಿ ಕಾಯುವ ಅಧಿಕಾರಿಯೊಬ್ಬ ನನ್ನ ಪಾಸ್‌ಪೋರ್ಟ್ ತಿರುವಿ ನೋಡಿ, ಹಿಂದಿನ ಸೀಟಿನ ಕಡೆ ಬಗ್ಗಿ, ಅದೇನು ಎಂದ. ನಾನು ಎಂದಿನ ಉಡಾಫೆಯಲ್ಲಿ, ಒಂದು ಮೇಜಿನ ಕಾಲು, ಉಳಿದದ್ದು ನಿಮ್ಮ ಕಣ್ಣಲ್ಲಿ ನೀರು ತರಿಸುವ ಪುಡಿ ಎಂದೆ. ಅವನು ನಕ್ಕು, ಹೋಗು ಎಂದು ಕೈಬೀಸಿದ. ಯೂನಿಫಾರ್ಮಿನವನನ್ನೂ ನಗಿಸಿದೆನಲ್ಲ ಎಂಬ ಖುಷಿಯಲ್ಲಿ ಅವನ ಧ್ವನಿಯನ್ನು ಅಭ್ಯಾಸ ಮಾಡುತ್ತ ಮುಂದಿನ ದಾರಿಯನ್ನೆಲ್ಲ ಕಳೆದೆ.

ನೇರವಾಗಿ ಚಾಟ್ಸ್‌ವರ್ತ್‌ಗೆ ಹೋಗಿ ಗಂಟನ್ನು ಗನ್‌ಸ್ಮಿತ್ ಮುಂದಿಟ್ಟೆ. ಅವನು ಟೇಪು ಕೊಯ್ದು, ಪಂಚೆ ಬಿಡಿಸುತ್ತ, "ಇದೇನು, ಬಾಣಂತಿಗೆ ಸುತ್ತಿದಂಗ ಸುತ್ತ್ಯಾರ," ಎಂದು ಗೊಣಗಿದ. ಕೊನೆಯ ಸುತ್ತು ಬಿಚ್ಚಿಕೊಂಡಿತು. ಅವನ ಕೈ ನಿಂತಿತು.

ಮರ ಇತ್ತು. ಮರದ ತುದಿಗೆ ಆ ಉಕ್ಕಿನ ನಡುಭಾಗವೂ ಇತ್ತು, ತಿರುಪುಗಳೆಲ್ಲ ಒಂದೇ ದಿಕ್ಕಿಗೆ ಅಚ್ಚುಕಟ್ಟಾಗಿ ನಿಂತು.

"ಹಿಂದ ಸರಿ," ಎಂದ. ಅವನ ಧ್ವನಿಯಲ್ಲಿ ಜಂಬ ಇರಲಿಲ್ಲ. "ಮುಟ್ಟಬ್ಯಾಡ. ಇದನ್ನ ನೀನು ತಂದಿ? ಕಾರಿನ್ಯಾಗ? ಒಬ್ಬನ?"

"ನಳಿಗೆ ಇಲ್ಲವಲ್ಲ," ಎಂದೆ. "ಇದು ಬಂದೂಕು ಅಲ್ಲ, ಅಲ್ವಾ?"

"ನಳಿಗಿ ಅಂದ್ರ ಬರೇ ಪೈಪು. ಮರ ಅಂದ್ರ ಮರ. ಕಾನೂನಿನ ಕಣ್ಣಿಗೆ ಈ ಉಕ್ಕಿನ ಗಟ್ಟೀನ ಬಂದೂಕು. ನಂಬರ್ ಇರೂದು ಇದರ ಮ್ಯಾಲ." ಅವನು ನನ್ನನ್ನು ನೋಡಿದ. "ನಿನಗ ಗೊತ್ತಿರಲಿಲ್ಲ?"

"ಬರೀ ಮರ ಅಂದಿದ್ದರು. ಅವರಿಗೂ ಇದು ಗೊತ್ತಿರಲಿಲ್ಲವೇನೋ."

ಆಗ ಅವನು ಹೇಳಿದ್ದನ್ನು ನಾನು ಎಷ್ಟೋ ಸಲ ಅವನ ಧ್ವನಿಯಲ್ಲೇ ನನಗೆ ನಾನು ಹೇಳಿಕೊಂಡಿದ್ದೇನೆ. "ಗೊತ್ತಿಲ್ಲದ ಏನು? ಹೋದ ವಾರ ಫೋನ್ ಮಾಡಿ ಇದನ್ನ ಕೇಳಿದ್ರು. ಆ ಸ್ಟೂಡೆಂಟ್ ಹುಡುಗನ ಕೈಯಾಗ ಕಳಿಸಲೇನು ಅಂತ. ಬ್ಯಾಡ, ಅವನ ಬದುಕು ಹಾಳಾಗತದ, ಮರ ಬಿಚ್ಚಿ ಮರ ಅಷ್ಟ ಕಳಿಸ್ರಿ ಅಂದೆ. ಬಿಚ್ಚಿದ್ರ ತಿರುಪಿನ ತಲಿ ಕೆಡತದ, ನನ್ನ ಕಡೆ ಸರಿಯಾದ ತಿರುಪುಳಿ ಇಲ್ಲ ಅಂದ್ರು. ಹಂಗಾದ್ರ ಯಾರ ಕೈಯಾಗೂ ಕಳಿಸಬ್ಯಾಡ್ರಿ, ಒಂದು ವರ್ಷ ಕಾಯ್ರಿ ಅಂದೆ."

ಅವನು ಮಾತಾಡುತ್ತಲೇ ಫೋನು ಒತ್ತಿ ಸ್ಪೀಕರಿಗೆ ಹಾಕಿದ. ಅಂಕಲ್ ಎತ್ತಿದರು. ಅವನು ಕಂಡದ್ದನ್ನು ಹೇಳಿದ. ಆಮೇಲೆ ಅಂಕಲ್ ಇಂಗ್ಲಿಷಿನಲ್ಲಿ, ಆಫೀಸಿನ ಮೀಟಿಂಗಿನಲ್ಲಿ ಮಾತಾಡುವ ಹಾಗೆ ಸ್ಪಷ್ಟವಾಗಿ ಹೇಳಿದರು: ಓ, ತಪ್ಪಾಗಿದೆ. ನಾನು ಮರವನ್ನಷ್ಟೇ ಬೇರೆ ಕಟ್ಟಿಸಿದ್ದೆ. ಹುಡುಗ ತಪ್ಪು ಗಂಟು ಎತ್ತಿಕೊಂಡು ಹೋಗಿದ್ದಾನೆ. ಒಳ್ಳೆಯವನು, ಆದರೆ ಸ್ವಲ್ಪ ಅಜಾಗರೂಕ. ಎಲ್ಲವೂ ತಮಾಷೆ ಅವನಿಗೆ.

ನಾನು ಅಲ್ಲೇ ನಿಂತಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ. ಗನ್‌ಸ್ಮಿತ್ ನನ್ನ ಕಡೆ ಹುಬ್ಬೇರಿಸಿ, ಮಾತಾಡುತ್ತೀಯಾ ಎನ್ನುವಂತೆ ಫೋನು ತೋರಿಸಿದ. ಮಾತಿಗೆ ಮಾತು ಕೊಡುವುದೇ ನನ್ನ ಕಸುಬು. ಆದರೂ ಬೇಡವೆಂದು ತಲೆಯಾಡಿಸಿದೆ. ಆ ಧ್ವನಿ ಮೂಗಿನಲ್ಲಿ ಹುಟ್ಟಿರಲಿಲ್ಲ, ಗಂಟಲಿನಲ್ಲಿ ನಿಂತಿರಲಿಲ್ಲ, ಎಳೆದಿರಲಿಲ್ಲ. ವರ್ಷದಿಂದ ನಾನು ಊರಿಗೆಲ್ಲ ಹಂಚುತ್ತಿದ್ದ ಅಂಕಲ್ ಒಳಗೆ ಇಂಥದ್ದೊಂದು ನಯವಾದ ಧ್ವನಿ ಇದೆ ಎಂದು ನನಗೆ ತಿಳಿದೇ ಇರಲಿಲ್ಲ.

ಫೋನಿಟ್ಟು ಗನ್‌ಸ್ಮಿತ್ ಹೇಳಿದ: "ನನ್ನ ಹಂತೇಕ ಲೈಸೆನ್ಸ್ ಐತಿ. ಇದು ಈಗ ನನ್ನ ಅಂಗಡ್ಯಾಗ ಐತಿ. ಅವರಿಗೆ ನಾನು ಕಾಗದದಾಗ ಬರದು ಕಳಸ್ತೀನಿ. ನೀನು ಮನಿಗೆ ಹೋಗಿ ನೀರು ಕುಡಿ."

ನೀರು ಕುಡಿದೆ. ರೂಮಿನ ಬಚ್ಚಲಿನಲ್ಲಿ ಕೂತು ಚೆಕ್‌ಪೋಸ್ಟಿನವನ ನಗು ನೆನಪಿಸಿಕೊಂಡೆ. ಅವನು ಒಂದು ಕ್ಷಣ ಬೇಸರದಿಂದಲಾದರೂ ಆ ಪಂಚೆ ಬಿಚ್ಚಿಸಿದ್ದರೆ, ನಾನು ಅಧಿಕಾರಿಯ ಮುಂದೆ ಸುಳ್ಳು ಹೇಳಿ ಬಂದೂಕು ಸಾಗಿಸುತ್ತಿದ್ದ ವಿದೇಶಿಯವನು. ನಗಿಸುವವನ ಮಾತನ್ನು ಆಗ ಯಾರು ನಂಬುತ್ತಿದ್ದರು? ಅಂಕಲ್ ಅಂತೂ ನನ್ನ ಪರ ಹೇಳುತ್ತಿರಲಿಲ್ಲ, ಅದು ಈಗ ಖಾತ್ರಿಯಾಗಿತ್ತು.

ಎರಡು ವಾರ ಹೋಗಲಿಲ್ಲ. ಆಂಟಿ ಫೋನ್ ಮಾಡಿದಾಗಲೆಲ್ಲ ಕೆಲಸ ಎಂದೆ, ಕೆಲಸವೇ ಇಲ್ಲದವನು. ಕೊನೆಗೆ ಹೋದೆ, ಕೇಳದೆ ಇರಲು ಆಗಲಿಲ್ಲ. ಅಂಕಲ್ ಮುಖ ಮೇಲಕ್ಕೆ ಬಂದಿತ್ತು. ಒಂದು ಕಣ್ಣು ಕೆಂಪಗೆ.

"ಬಾರೋ ಬಾರೋ! ಎಲ್ಲಿ ಹಾಳಾಗಿ ಹೋಗಿದ್ದೆ?"

"ಅಂಕಲ್, ಅವತ್ತು ಗನ್‌ಸ್ಮಿತ್ ಸ್ಪೀಕರ್ ಹಾಕಿದ್ದ. ನಾನು ಅಲ್ಲೇ ಇದ್ದೆ."

ಅವರ ಕೈ ರಿಮೋಟಿನ ಮೇಲಿತ್ತು. ಟೀವಿ ಆರಿಸಿದರು. "ಅದು... ಅವನ ಮುಂದೆ ಹಾಗೆ ಹೇಳಲೇಬೇಕಿತ್ತು ಕಣೋ. ಲೈಸೆನ್ಸ್ ಇರೋನು. ನಾಳೆ ಏನಾದ್ರೂ ಬರ್ಕೊಂಡ್ರೆ ನನ್ನ ಕಲೆಕ್ಷನ್ನೇ ಹೋಗುತ್ತೆ. ನಿಂಗೇನೂ ಆಗ್ಲಿಲ್ವಲ್ಲ?"

"ಆಗಿದ್ರೆ?"

"ಆಗಲ್ಲಾಂತ ಗೊತ್ತಿತ್ತು. ಅಷ್ಟು ದೂರ ಯೋಚನೆ ಮಾಡಿದ್ರೆ ಜೀವನ ನಡೆಯುತ್ತಾ? ನಮ್ಮನೆ ಹುಡುಗ ಅಂತ ತಾನೇ ನಿನ್ನ ಕೈಲಿ ಕೊಟ್ಟಿದ್ದು. ಬೇರೆಯವರಾಗಿದ್ರೆ ಕೊಡ್ತಿದ್ನಾ?"

"ನಮ್ಮನೆ ಹುಡುಗ ಅಂದ್ರೆ ನಿಮ್ಮ ಮಗ ಇಲ್ಲೇ ಇದ್ದಾನಲ್ಲ ಅಂಕಲ್. ಇಲ್ಲಿ ಹುಟ್ಟಿದವನು. ಅವನಿಗೆ ವೀಸಾ ಇಲ್ಲ, ಏನಿಲ್ಲ. ಅವನ ಕೈಲಿ ಯಾಕೆ ಕಳಿಸ್ಲಿಲ್ಲ?"

ಯೋಚಿಸದೆ, ತಕ್ಷಣ, ನಾನು ದಡ್ಡ ಪ್ರಶ್ನೆ ಕೇಳಿದೆನೇನೋ ಎಂಬಂತೆ ಅವರು ಹೇಳಿದರು: "ಅವನಿಗೆ ಹೇಗೋ ಹೇಳಲಿ? ಅವನದ್ದು ಸರ್ಕಾರದ ಸೆಕ್ಯುರಿಟಿ ಕ್ಲಿಯರೆನ್ಸ್ ಇರೋ ಕೆಲಸ. ಎಲ್ಲಾದ್ರೂ ಒಂದು ಸಣ್ಣ ಹೆಚ್ಚುಕಮ್ಮಿ ಆದ್ರೂ ಕೆಲಸ ಹೋಗುತ್ತೆ."

ಹೇಳಿದ ಮೇಲೆ ಆ ಮಾತು ಅವರ ಕಿವಿಗೂ ಬಿದ್ದಿರಬೇಕು. ಕೆಂಪು ಕಣ್ಣನ್ನು ಉಜ್ಜಿಕೊಳ್ಳಲು ಕೈಯೆತ್ತಿ, ಉಜ್ಜಬಾರದೆಂದು ನೆನಪಾಗಿ ಇಳಿಸಿದರು.

ಆಂಟಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಾನು ಅವತ್ತೇ ಹೇಳ್ದೆ ಇವರಿಗೆ," ಎಂದರು. "ತಿರುಪು ಹೋದ್ರೆ ಹೋಗ್ಲಿ, ಬಿಚ್ಚಿಬಿಡೋಣ ರೀ, ಹುಡುಗನ ತಲೆ ಮೇಲೆ ಯಾಕೆ ಅಂತ. ನನ್ನ ಮಾತು ಯಾವಾಗ ಕೇಳಿದ್ದಾರೆ?"

ಸಮಾಧಾನ ಮಾಡುವುದಕ್ಕೆಂದೇ ಹೇಳಿದ ಮಾತು ಅದು. ಅಂಕಲ್ ಮಾತಿಗಿಂತ ಅದೇ ಆಳಕ್ಕೆ ಇಳಿಯಿತು. ಅಂಕಲ್‌ಗೆ ನೆಲ ಬಿಟ್ಟು ಬೇರೆ ಏನೂ ಕಾಣದ ದಿನಗಳವು. ಆ ಪಂಚೆಯನ್ನು ಸುತ್ತಿದ ಕೈ, ಟೇಪು ಬಿಗಿದ ಕೈ ಯಾರದ್ದೆಂದು ನಾನು ಆ ತನಕ ಯೋಚಿಸಿಯೇ ಇರಲಿಲ್ಲ. ಗೊತ್ತಿದ್ದೂ ಸುತ್ತಿ, ಗೊತ್ತಿದ್ದೂ ಕಾರಿನ ತನಕ ಬಂದು, ನಿಧಾನಕ್ಕೆ ಹೋಗು ಎಂದಿದ್ದರು.

"ಕೂತ್ಕೊ, ತಟ್ಟೆ ಹಾಕ್ತೀನಿ," ಎಂದರು. "ನಿಂಗಿಷ್ಟ ಅಂತ ಹುಳಿ ಮಾಡಿದೀನಿ."

"ಹಸಿವಿಲ್ಲ ಆಂಟಿ."

ಆ ಮನೆಯಲ್ಲಿ ನಾನು ಹಾಗೆ ಹೇಳಿದ್ದು ಅದೇ ಮೊದಲು. ಆಂಟಿ ಅದನ್ನೂ ಯಾರದೋ ಮಿಮಿಕ್ರಿ ಎಂದುಕೊಂಡರೋ ಏನೋ, ನಗಲು ಹೋಗಿ ನಿಲ್ಲಿಸಿದರು. ನಾನು ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದಾಗ ಅಂಕಲ್ ಎದ್ದು ಬಂದರು. ಏನೋ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡರು. ನಾನು ಲೇಸು ಕಟ್ಟುವುದನ್ನು ಬೇಕೆಂದೇ ತಡಮಾಡಿದೆ. ಒಂದು ಮಾತು ಅಂದಿದ್ದರೆ ಸಾಕಿತ್ತು, ಅದು ಯಾವ ಮಾತೆಂದು ನನಗೂ ಗೊತ್ತಿರಲಿಲ್ಲ, ಆದರೆ ಅಂದಿದ್ದರೆ ಒಳಗೆ ಹೋಗಿ ಹುಳಿ ಕಲಸುತ್ತಿದ್ದೆ.

"ಅವನು ಕೆತ್ತನೆ ಶುರು ಮಾಡಿದ್ನಂತಾ?" ಎಂದರು. "ಬಾಲದ ಡ್ರಾಯಿಂಗ್ ಫೈನಲ್ ಆಗಿರ್ಲಿಲ್ಲ, ನೀನೊಂದ್ಸಲ ಹೋಗಿ..."

"ನೀವೇ ಫೋನ್ ಮಾಡಿ ಕೇಳಿ ಅಂಕಲ್."

ಬಾಲವನ್ನು ಯಾರು ಮುಗಿಸಿದರೋ ಗೊತ್ತಿಲ್ಲ. ಕೋವಿ ಸಿದ್ಧವಾಗಿದೆ ಎಂದು, ಆಯುಧಪೂಜೆಗೆ ಅದಕ್ಕೆ ಕುಂಕುಮ ಇಟ್ಟ ಫೋಟೋವನ್ನು ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ ಎಂದು ಯಾರೋ ಹೇಳಿದರು. ನಾನು ಆ ಗ್ರೂಪಿನಿಂದ ಹೊರಬಂದಿದ್ದೆ.

ಬೇಸಿಗೆಯ ಕೊನೆಯಲ್ಲೇ ನನ್ನ ಕಾರ್ಡ್ ಬಂದಿತ್ತು. ಅದಕ್ಕೆ ಮುಂಚೆ ಅಪರಿಚಿತ ನಂಬರಿನಿಂದ ಫೋನ್ ಬಂದರೆ ಎತ್ತುತ್ತಲೇ ಇರಲಿಲ್ಲ. ಯಾರೂ ಬರಲಿಲ್ಲ, ಏನೂ ಕೇಳಲಿಲ್ಲ. ಅಂಚೆಪೆಟ್ಟಿಗೆಯ ಮುಂದೆಯೇ ಲಕೋಟೆ ಹರಿದೆ. ಫೋಟೋದಲ್ಲಿ ನಾನು, ಯಾರನ್ನೂ ಅನುಕರಿಸದೆ, ಸುಮ್ಮನೆ ಪೆದ್ದನ ಹಾಗೆ ನೋಡುತ್ತಿದ್ದೆ. ಊರಿನಲ್ಲಿ ಆಗ ನಡುರಾತ್ರಿ, ಅಮ್ಮನನ್ನು ಎಬ್ಬಿಸುವ ಹಾಗಿರಲಿಲ್ಲ. ಬೆರಳು ತಾನಾಗಿ ಸ್ಯಾನ್ ಡಿಯೇಗೋದ ನಂಬರಿಗೆ ಹೋಯಿತು. ಒಂದು ಸಲ ರಿಂಗಾಯಿತು. ಕಟ್ ಮಾಡಿದೆ. ಆಂಟಿ ವಾಪಸ್ ಮಾಡಿದರು. ಫೋನು ಕೈಯಲ್ಲಿ ಅದುರಿ ಅದುರಿ ತಾನಾಗಿ ನಿಲ್ಲುವ ತನಕ ಬಿಸಿಲಿನಲ್ಲಿ ನಿಂತಿದ್ದೆ. ಆಮೇಲೆ ಮೇಲೆ ಹೋಗಿ, ಬಾಣಲೆಯಲ್ಲಿ ಮೊಟ್ಟೆ ಒಡೆಯುತ್ತಿದ್ದ ರೂಮಿನವನಿಗೆ ಕಾರ್ಡ್ ತೋರಿಸಿದೆ.

"ಸೂಪರ್ ಮಗಾ," ಎಂದು ಅವನು ಇನ್ನೊಂದು ಮೊಟ್ಟೆ ಒಡೆದ.